ರಿಫ್ಟ್ ಕಣಿವೆ ಜ್ವರ: ಹತೋಟಿಯ ಮುಖ್ಯಾಂಶಗಳು

1. ಫ್ಲೆಬೊವೈರಸ್ ಕುಲದ ವೈರಸ್‌ನಿಂದ ಬರುವ ಈ ಪ್ರಾಣಿಜನ್ಯ ರೋಗವನ್ನು, ಅಂದರೆ ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗವನ್ನು, 1931ರಲ್ಲಿ ಕೀನ್ಯಾದ ಕುರಿಗಳಲ್ಲಿ ಮೊದಲು ಗುರುತಿಸಲಾಯಿತು. 2000ದಲ್ಲಿ ಅದು ಆಫ್ರಿಕಾದ ಹೊರಗೆ ಮೊದಲ ಬಾರಿಗೆ ಸೌದಿ ಅರೇಬಿಯಾ ಮತ್ತು ಯೆಮನ್‌ಗಳಲ್ಲಿ ವರದಿಯಾಯಿತು.

2. ಸೋಂಕಿತ ಏಡಿಸ್ ಸೊಳ್ಳೆಯ ಮೊಟ್ಟೆಗಳು ಒಣನೆಲದಲ್ಲಿ ವರ್ಷಗಟ್ಟಲೆ ಉಳಿದು, ಅತಿವೃಷ್ಟಿಯಾದಾಗ ಒಡೆಯುವುದರಿಂದ ಮಳೆಯ ಮುನ್ಸೂಚನೆಯೇ ರೋಗದ ಮುನ್ಸೂಚನೆಯೂ ಆಗುತ್ತದೆ.

3. ಹಿಂಡಿನಲ್ಲಿ ಗಬ್ಬದ ಕುರಿಗಳು ಸಾಮೂಹಿಕವಾಗಿ ಕಂದು ಹಾಕುವುದು ಮತ್ತು ಎಳೆಮರಿಗಳು ಸಾಯುವುದು ಪ್ರಮುಖ ಲಕ್ಷಣ.

4. ಗೊಂದಲದ ಅಂಶ: ಇದು ಸೊಳ್ಳೆಜನ್ಯವಾದರೂ ಮನುಷ್ಯರಿಗೆ ಹೆಚ್ಚಾಗಿ ತಗಲುವುದು ಸೋಂಕಿತ ಪ್ರಾಣಿಯ ರಕ್ತ ಮತ್ತು ಅಂಗಾಂಗಗಳ ಸಂಪರ್ಕದಿಂದ, ಆದ್ದರಿಂದ ಕಟುಕರು, ಕುರಿಗಾಹಿಗಳು ಮತ್ತು ಪಶುವೈದ್ಯರಿಗೆ ಕೈಗವಸು ಅತ್ಯಗತ್ಯ. ಮನುಷ್ಯರಿಂದ ಮನುಷ್ಯರಿಗೆ ಹರಡಿದ ದಾಖಲೆಯಿಲ್ಲ.

5. ಲಸಿಕೆಯನ್ನು ರೋಗ ಕಾಣಿಸಿಕೊಳ್ಳುವ ಮೊದಲೇ ಹಾಕಬೇಕು. ಏಕಾಏಕಿ ಹರಡಲು ಆರಂಭಿಸಿದ ಮೇಲೆ ಹಾಕಿದರೆ, ಒಂದೇ ಸೂಜಿಯನ್ನು ಹಲವು ಪ್ರಾಣಿಗಳಿಗೆ ಬಳಸುವುದರಿಂದ ಸೋಂಕು ಮತ್ತಷ್ಟು ವ್ಯಾಪಿಸಬಹುದು. ಆ ಹಂತದಲ್ಲಿ ಜಾನುವಾರು ಸಾಗಾಟದ ನಿರ್ಬಂಧ ಮತ್ತು ಲಾರ್ವಾನಾಶವೇ ಮುಖ್ಯ ಕ್ರಮಗಳು.

6. ಹೋಲಿಕೆ: ಶಿವಮೊಗ್ಗ ಜಿಲ್ಲೆಯಲ್ಲಿ 1957ರಲ್ಲಿ ಪತ್ತೆಯಾದ ಕ್ಯಾಸನೂರು ಕಾಡಿನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ, ಸೊಳ್ಳೆಯಿಂದಲ್ಲ.