ಪಶುವೈದ್ಯರನ್ನು ಕೇಳಿ: ತೊಟ್ಟಿಯಲ್ಲಿರುವುದು ಹೆಬ್ಬಾವಿನ ಮರಿಯೇ?

ಮುಂಗಾರು ಹಿಡಿದ ಮೇಲೆ ಕೆಲಮಂಗಲ, ರಾಯಕೋಟೆ, ಡೆಂಕಣಿಕೋಟೆ ಕಡೆಯಿಂದ ಬಂದ ಪತ್ರಗಳಲ್ಲಿ ದನಕರುಗಳಿಗಿಂತ ಹಾವಿನ ಸುದ್ದಿಯೇ ಹೆಚ್ಚು. ಹಾಗಾಗಿ ಈ ಸಲ ಅವಕ್ಕೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕೆಲಮಂಗಲದ ಹತ್ತಿರ ಹೊಲ. ರಾಗಿಹುಲ್ಲಿನ ಬಣವೆ ಕೀಳುವಾಗ ಒಂದೂವರೆ ಅಡಿ ಉದ್ದದ ಮರಿಹಾವು ಸಿಕ್ಕಿತು. ಮೈತುಂಬ ಕಂದು ಮಚ್ಚೆ. ಪಕ್ಕದ ಹೊಲದ ಅಣ್ಣ ನೋಡಿ, ಹೆಬ್ಬಾವಿನ ಮರಿ, ವಿಷ ಇಲ್ಲ ಅಂದರು. ನನ್ನ ಮಗ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಸಾಕುತ್ತೇನೆ ಅಂತ ಇಟ್ಟುಕೊಂಡಿದ್ದಾನೆ. ಹಾಲು, ಮೊಟ್ಟೆ, ಕೋಳಿಮಾಂಸದ ಚೂರು ಎಲ್ಲ ಇಟ್ಟೆವು. ಐದು ದಿನವಾದರೂ ಮುಟ್ಟಿಲ್ಲ. ಏನು ಕೊಟ್ಟರೆ ತಿನ್ನುತ್ತದೆ?
— ರೈತ ಮಹಿಳೆ, ಕೆಲಮಂಗಲ

ಉತ್ತರ: ಊಟದ ಮಾತು ಆಮೇಲೆ ಆಡೋಣ ತಾಯಿ. ಮೊದಲು ತೊಟ್ಟಿಗೆ ಗಾಳಿಯಾಡುವ ಮುಚ್ಚಳ ಹಾಕಿ, ಮೇಲೆ ಭಾರ ಹೇರಿ, ಮಗನ ಕೈ ಒಳಗೆ ಹೋಗದಂತೆ ನೋಡಿಕೊಳ್ಳಿ. ನೀವು ಬರೆದಿರುವ ಅಳತೆ ಮತ್ತು ಬಣ್ಣ ನಮ್ಮ ಕಡೆಯ ಮೂರು ಹಾವುಗಳಿಗೆ ಹೊಂದುತ್ತವೆ: ಹೆಬ್ಬಾವಿನ ಮರಿ, ಮಣ್ಣುಮುಕ್ಕ, ಕೊಳಕುಮಂಡಲ. ಮೊದಲಿನ ಎರಡಕ್ಕೆ ವಿಷವಿಲ್ಲ. ಮೂರನೆಯದು ಕಚ್ಚಿದರೆ ಜೀವಕ್ಕೇ ಸಂಚಕಾರ. ಹೆಬ್ಬಾವಿನ ಮರಿಯೆಂದು ಬರಿಗೈಯಲ್ಲಿ ಹಿಡಿದು ಮಂಡಲದಿಂದ ಕಚ್ಚಿಸಿಕೊಳ್ಳುವುದು ನಮ್ಮಲ್ಲಿ ಹೊಸ ಸಂಗತಿಯೇನಲ್ಲ.

ಕಾಲ ನೋಡಿ ಗುರುತು ಹಿಡಿಯೋಣವೆಂದರೆ ಅದೂ ಆಗದು. ಹೆಬ್ಬಾವು ಬೇಸಿಗೆಯಲ್ಲಿ ಮೊಟ್ಟೆಯಿಟ್ಟು, ಸುತ್ತ ಸುರುಳಿ ಹಾಕಿ ಎರಡು ತಿಂಗಳಿಗೂ ಹೆಚ್ಚು ಕಾಲ ಕಾವು ಕೊಡುತ್ತದೆ. ಮರಿಗಳು ಹೊರಬರುವುದು ಮಳೆ ಶುರುವಾಗುವ ಹೊತ್ತಿಗೆ. ಕೊಳಕುಮಂಡಲ ಮೊಟ್ಟೆಯಿಡುವುದಿಲ್ಲ, ಮರಿಗಳನ್ನೇ ಹಾಕುತ್ತದೆ. ಅದೂ ಹೆಚ್ಚಾಗಿ ಇದೇ ಕಾಲದಲ್ಲಿ. ಬಣವೆಯ ಕೆಳಗೆ ಇಲಿ ಇರುವಲ್ಲಿಗೆ ಎರಡೂ ಬರುತ್ತವೆ.

ದೂರದಿಂದಲೇ ನೋಡಬಹುದಾದ ಗುರುತುಗಳು ಹೀಗಿವೆ. ಹೆಬ್ಬಾವಿನ ಮರಿ ಮೊಟ್ಟೆಯಿಂದ ಬಂದಾಗಲೇ 45ರಿಂದ 60 ಸೆಂಟಿಮೀಟರ್ ಇರುತ್ತದೆ. ಮೈ ನುಣುಪು, ಬಿಸಿಲು ಬಿದ್ದರೆ ಹೊಳೆಯುತ್ತದೆ. ಬೆನ್ನ ಮೇಲಿನ ಮಚ್ಚೆಗಳು ದೊಡ್ಡವು, ಅಂಕುಡೊಂಕು, ಒಂದೇ ಅಳತೆಯವಲ್ಲ. ಅಲ್ಲಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ತಲೆಯ ಮೇಲೆ ಈಟಿಯ ಮೊನೆಯಂಥ ಕಂದು ಗುರುತು. ಮೇಲ್ದುಟಿಯ ಅಂಚಿನಲ್ಲಿ ಸಣ್ಣ ಗುಳಿಗಳಿವೆ. ಇಲಿಯ ಮೈಬಿಸಿಯನ್ನು ಕತ್ತಲಲ್ಲಿ ಅದು ತಿಳಿಯುವುದು ಅವುಗಳಿಂದಲೇ.

ಕೊಳಕುಮಂಡಲದ ಮೈ ಒರಟು, ಹೊಳಪಿಲ್ಲ. ಮಚ್ಚೆಗಳು ಉರುಟಾಗಿ ಅಥವಾ ಮೊಟ್ಟೆಯಾಕಾರದಲ್ಲಿ, ಕಪ್ಪು ಅಂಚಿನೊಂದಿಗೆ, ಮೂರು ಸಾಲಾಗಿ ಕುತ್ತಿಗೆಯಿಂದ ಬಾಲದವರೆಗೆ ಸರಪಳಿಯಂತೆ ಸಾಗುತ್ತವೆ. ತಲೆ ಮುಕ್ಕೋನ, ಕುತ್ತಿಗೆ ಸಣ್ಣ, ಬಾಲ ಮೋಟು. ಕೆಣಕಿದರೆ ಕುಕ್ಕರ್ ಆವಿ ಬಿಟ್ಟ ಹಾಗೆ ಬುಸುಗುಟ್ಟುತ್ತದೆ. ಮರಿ ಹುಟ್ಟುವಾಗ ಒಂದಡಿಗಿಂತ ಚಿಕ್ಕದು. ಆದರೆ ಹುಟ್ಟಿದ ದಿನವೇ ಅದಕ್ಕೆ ವಿಷವಿರುತ್ತದೆ, ಹಲ್ಲೂ ಇರುತ್ತದೆ. ಮಚ್ಚೆಯ ಮಣ್ಣುಮುಕ್ಕದ ಕಣ್ಣು ಬಲು ಚಿಕ್ಕದು, ಬಾಲ ಮೋಟು ಮತ್ತು ಒರಟು.

ಇಷ್ಟನ್ನು ಓದಿ ನೀವೇ ತೀರ್ಮಾನ ಮಾಡಿಬಿಡಿ ಎನ್ನುತ್ತಿಲ್ಲ. ನಾಲ್ಕಡಿ ದೂರದಿಂದ ಮೊಬೈಲಿನಲ್ಲಿ ಚಿತ್ರ ತೆಗೆದು ಅರಣ್ಯ ಇಲಾಖೆಯವರಿಗೆ ತೋರಿಸಿ. ನಿಮ್ಮದು ಹೊಸೂರು ಅರಣ್ಯ ವಿಭಾಗ. ಕಚೇರಿಯಲ್ಲಿ ತಮಿಳಿನವರಿದ್ದರೆ ಹೆಬ್ಬಾವನ್ನು ‘ಮಲೈಪಾಂಬು’ ಎಂದೂ ಕೊಳಕುಮಂಡಲವನ್ನು ‘ಕಣ್ಣಾಡಿ ವಿರಿಯನ್’ ಎಂದೂ ಹೇಳಿದರೆ ತಕ್ಷಣ ತಿಳಿಯುತ್ತದೆ.

ಇನ್ನು ಊಟದ ವಿಚಾರ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ನಾಗರಪಂಚಮಿಯಲ್ಲಿ ಬುಟ್ಟಿಯ ಹಾವು ಹಾಲು ಕುಡಿದರೆ ಅದು ದಿನಗಟ್ಟಲೆ ನೀರಿಲ್ಲದ ಬಾಯಾರಿಕೆಗೆ. ಆ ಹಾಲು ಅದರ ಹೊಟ್ಟೆಗೆ ಒಗ್ಗುವುದಿಲ್ಲ. ಹೆಬ್ಬಾವು ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ಅದಕ್ಕೆ ಬೇಕಾದ ಸುಣ್ಣದ ಅಂಶ ಇಲಿಯ ಮೂಳೆಯಲ್ಲಿದೆ, ಜೀವಸತ್ವ ಪಿತ್ತಜನಕಾಂಗದಲ್ಲಿದೆ. ಮಾಂಸದ ಚೂರಿನಲ್ಲಿ ಇವೆರಡೂ ಇಲ್ಲ. ಮೊಟ್ಟೆಯಿಂದ ಬಂದ ಮರಿ ಹೊಟ್ಟೆಯಲ್ಲಿ ಉಳಿದ ಹಳದಿಯ ಬಲದಿಂದ ಮೊದಲ ಪೊರೆ ಬಿಡುವವರೆಗೂ ಏನೂ ತಿನ್ನದೆ ಇರಬಲ್ಲದು. ಆಮೇಲೆ ಇಲಿಮರಿ, ಓತಿ, ಸಣ್ಣ ಹಕ್ಕಿಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ತಾಯಿ ಕೂಡ ಅದಕ್ಕೆ ಒಂದು ತುತ್ತು ತಿನ್ನಿಸುವುದಿಲ್ಲ. ಐದು ದಿನದ ಉಪವಾಸದಿಂದ ಅದು ಸಾಯುವುದಿಲ್ಲ. ಬಿಸಿಲಿಗಿಟ್ಟ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಒಂದು ಗಂಟೆಯಲ್ಲಿ ಸಾಯಬಹುದು. ತೊಟ್ಟಿಯನ್ನು ನೆರಳಲ್ಲಿಡಿ. ನೀರಿಡುವ ಆಸೆಯಿಂದ ಮುಚ್ಚಳ ತೆರೆಯಬೇಡಿ.

ಮಗನಿಗೆ ಇದನ್ನೂ ಹೇಳಿ. ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಹುಲಿ ಆನೆಗಳ ಜೊತೆಗೆ. ಸಾಕಿದರೆ, ಮಾರಿದರೆ ಮೂರರಿಂದ ಏಳು ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ‘ಎರಡು ತಲೆ ಹಾವು’ ಎಂದು ಅದೃಷ್ಟದ ಹೆಸರಲ್ಲಿ ವ್ಯಾಪಾರವಾಗುವ ಕೆಂಪು ಮಣ್ಣುಮುಕ್ಕಕ್ಕೂ ಕಾನೂನಿನ ರಕ್ಷಣೆ ಇದೆ. ನಿಮಗೆ ಸಿಕ್ಕಿದ್ದು ಹೆಬ್ಬಾವೇ ಆಗಿದ್ದರೆ ಇಲಾಖೆಯವರು ಅದನ್ನು ಸಿಕ್ಕ ಜಾಗದ ಆಸುಪಾಸಿನಲ್ಲೇ ಬಿಡುವಂತೆ ಕೇಳಿಕೊಳ್ಳಿ. ನಿಮ್ಮ ರಾಗಿಗೆ ಕಾಟ ಕೊಡುವ ಇಲಿಯೇ ಅದರ ಊಟ.

ಪ್ರಶ್ನೆ: ತೋಟದಲ್ಲಿ ಮರಿಹಾವು ಕಾಲಿಗೆ ಕಚ್ಚಿತು. ಹೆಬ್ಬಾವಿನ ಮರಿಯಿರಬಹುದು ಅಂತ ಅರಿಶಿನ ಹಚ್ಚಿ ಮನೆಯಲ್ಲೇ ಇದ್ದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಹೀಗಾದರೆ ಆಸ್ಪತ್ರೆಗೆ ಹೋಗಲೇಬೇಕೇ?
— ಗುಲಾಬಿ ತೋಟದ ಕಾರ್ಮಿಕ, ಡೆಂಕಣಿಕೋಟೆ

ಉತ್ತರ: ಹೋಗಲೇಬೇಕು. ಮನುಷ್ಯರ ಚಿಕಿತ್ಸೆ ನನ್ನ ವೃತ್ತಿಯಲ್ಲ, ಆದರೆ ಆಸ್ಪತ್ರೆ ಸೇರುವವರೆಗೆ ಮಾಡಬೇಕಾದ್ದು ತೋಟದಲ್ಲಿ ದುಡಿಯುವ ಎಲ್ಲರಿಗೂ ಗೊತ್ತಿರಬೇಕು. ಹೆಬ್ಬಾವು ಕಚ್ಚಿದ್ದೆಂದು ಖಚಿತವಿದ್ದರೆ ಸೋಪಿನಲ್ಲಿ ತೊಳೆದು, ಟಿ.ಟಿ. ಚುಚ್ಚುಮದ್ದು ಹಾಕಿಸಿಕೊಂಡರೆ ಸಾಕು. ಖಚಿತವಿಲ್ಲದಿದ್ದರೆ ಅದು ವಿಷದ ಹಾವೆಂದೇ ಲೆಕ್ಕ. ಹಲ್ಲಿನ ಗುರುತು ಎಣಿಸಿ ನಿರ್ಧರಿಸಬೇಡಿ.

ಕಚ್ಚಿದ ಕಾಲನ್ನು ಅಲುಗಾಡಿಸದೆ ಮಲಗಿ. ಕಾಲುಂಗುರ, ಗೆಜ್ಜೆ, ದಾರ ತೆಗೆಯಿರಿ. ಬಾವು ಬಂದ ಮೇಲೆ ತೆಗೆಯಲಾಗದು. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಹಾವು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ. 108ಕ್ಕೆ ಕರೆ ಮಾಡಿ. ಗಾಡಿ ತಡವಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊಸೂರಿನ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಎಷ್ಟು ಹೊತ್ತಿಗೆ ಕಚ್ಚಿತೆಂಬುದನ್ನು ನೆನಪಿಟ್ಟುಕೊಳ್ಳಿ.

ಅಲ್ಲಿ ನಿಮ್ಮ ರಕ್ತವನ್ನು ಒಂದು ಒಣ ಗಾಜಿನ ಕೊಳವೆಗೆ ತೆಗೆದು 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಕೊಳವೆಯನ್ನು ಓರೆ ಮಾಡಿ ನೋಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಕೊಳಕುಮಂಡಲದ ವಿಷ ರಕ್ತವನ್ನಷ್ಟೇ ಅಲ್ಲ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ಇದಕ್ಕಿರುವ ಔಷಧಿ ಪ್ರತಿವಿಷವೊಂದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ. ಅದರ ತಯಾರಿಕೆಗೆ ಬೇಕಾದ ವಿಷವನ್ನು ಮಹಾಬಲಿಪುರದ ಬಳಿ 1978ರಲ್ಲಿ ಕಟ್ಟಿದ ಇರುಳರ ಸಹಕಾರ ಸಂಘ ಒದಗಿಸುತ್ತ ಬಂದಿದೆ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು 2024ರಲ್ಲಿ ಕರ್ನಾಟಕವೂ ತಮಿಳುನಾಡೂ ಆದೇಶಿಸಿವೆ. ಮನೆಯಲ್ಲಿ ಅರಿಶಿನ ಹಚ್ಚಿಕೊಂಡವರು ಆ ಲೆಕ್ಕಕ್ಕೂ ಸಿಗುವುದಿಲ್ಲ, ಔಷಧಿಗೂ ಸಿಗುವುದಿಲ್ಲ.

ಪ್ರಶ್ನೆ: ನಾನು ಬಾಲ್ ಪೈಥಾನ್ ಮರಿಯೊಂದನ್ನು ಸಾಕಿದ್ದೇನೆ. ತೂಕ ನೂರು ಗ್ರಾಂ. ಮಳೆ ಶುರುವಾದಾಗಿನಿಂದ ಊಟ ಬಿಟ್ಟಿದೆ. ಒಮ್ಮೆ ತಿಂದದ್ದನ್ನೂ ಕಕ್ಕಿತು. ಏನು ಮಾಡಲಿ ಸರ್?
— ಕಾರ್ಖಾನೆ ಉದ್ಯೋಗಿ, ಹೊಸೂರು

ಉತ್ತರ: ಮೊದಲು ಕಾಗದಪತ್ರ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಹೆಬ್ಬಾವು, ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿದೆ. ಇಂಥ ಪ್ರಾಣಿ ಇಟ್ಟುಕೊಂಡವರು 2024ರ ನಿಯಮದಂತೆ ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಚೀಲಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕಿದ್ದವು. ಮಾರುವವರು ದಾಖಲೆ ಕೊಡದಿದ್ದರೆ ಮರಿ ಯಾವ ದಾರಿಯಲ್ಲಿ ಬಂದದ್ದೆಂದು ಕೊಳ್ಳುವವರು ವಿಚಾರಿಸಬೇಕು.

ಇನ್ನು ಊಟ ಬಿಟ್ಟದ್ದು. ನನ್ನ ಅನುಮಾನ ಚಳಿಯ ಮೇಲೆ. ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಹೊರಗಿನ ಬಿಸಿಯಿಂದಲೇ ಅದರ ಜೀರ್ಣಶಕ್ತಿ ನಡೆಯುತ್ತದೆ. ಹೊಸೂರು ಎತ್ತರದ ಊರು, ಮಳೆಗಾಲದ ರಾತ್ರಿ ಕೋಣೆಯೊಳಗೂ ತಣ್ಣಗಾಗುತ್ತದೆ. ಬಿಸಿ ಸಾಲದಿದ್ದರೆ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ, ಹಾವು ಕಕ್ಕಿಬಿಡುತ್ತದೆ. ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಲಿ. ರಾತ್ರಿಯೂ 24ಕ್ಕಿಂತ ಕೆಳಗಿಳಿಯಬಾರದು. ಬಿಸಿ ಪಟ್ಟಿಗೆ ಥರ್ಮೋಸ್ಟಾಟ್ ಕಡ್ಡಾಯ. ಇಲ್ಲದಿದ್ದರೆ ಹೊಟ್ಟೆಯ ಕೆಳಗೆ ಸುಟ್ಟ ಗಾಯವಾಗುತ್ತದೆ. ಎರಡೂ ತುದಿಯಲ್ಲಿ ಅಡಗಲು ಇಕ್ಕಟ್ಟಾದ ಗೂಡು, ಸದಾ ಶುದ್ಧ ನೀರು ಬೇಕು.

ಕಕ್ಕಿದ ಮೇಲೆ ಎರಡು ವಾರ ಏನೂ ಕೊಡಬೇಡಿ. ಆಮೇಲೆ ಎಂದಿನ ಅರ್ಧದಷ್ಟು ಕೊಟ್ಟು ನೋಡಿ. ಒಗ್ಗಿದ ಮೇಲೆ ವಾರಕ್ಕೊಂದು ಇಲಿಮರಿ, ಹಾವಿನ ತೂಕದ ನೂರಕ್ಕೆ 10ರಿಂದ 15ರಷ್ಟು. ನಿಮ್ಮ ಮರಿಗೆ 10ರಿಂದ 15 ಗ್ರಾಂ. ತಕ್ಕಡಿ ಇಲ್ಲದಿದ್ದರೆ ಹಾವಿನ ಮೈಯ ದಪ್ಪ ಭಾಗದಷ್ಟು ದಪ್ಪದ ಇಲಿ ಸಾಕು. ಹಾವು ದೊಡ್ಡದಾದಂತೆ ಊಟದ ನಡುವಿನ ದಿನ ಹೆಚ್ಚಿಸಿ. ವಾರಕ್ಕೆರಡು ಸಲ ತುರುಕಿದರೆ ಕೊಬ್ಬು ಕಟ್ಟುತ್ತದೆ.

ಶೀತಲೀಕರಿಸಿದ ಇಲಿಯನ್ನು ಹಿಂದಿನ ರಾತ್ರಿಯೇ, ಮನೆಯವರ ಊಟ ಇಡದ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ. ಕೊಡುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕೈ ತಾಳುವಷ್ಟು ಬಿಸಿನೀರಿನಲ್ಲಿ ಕಾಲು ಗಂಟೆ ಮುಳುಗಿಸಿ. ಹೊಟ್ಟೆಯನ್ನು ಬೆರಳಿಂದ ಒತ್ತಿ ನೋಡಿ. ಒಳಗೆ ಗಟ್ಟಿಯಿದ್ದರೆ ಇನ್ನೂ ಕರಗಿಲ್ಲ. ಮೈಕ್ರೊವೇವ್‌ನಲ್ಲಿ ಇಡಬೇಡಿ, ಒಡೆಯುತ್ತದೆ. ಒರೆಸಿ ಒಣಗಿಸಿ, ಉದ್ದನೆಯ ಚಿಮುಟದಲ್ಲಿ ಹಿಡಿದು, ಸಂಜೆ ಕತ್ತಲಾದ ಮೇಲೆ ಮೂತಿಯ ಮುಂದೆ ಮೆಲ್ಲಗೆ ಆಡಿಸಿ. ಇಲಿಯ ತಲೆ ಬೆಚ್ಚಗಿದ್ದರೆ ಹಾವಿನ ತುಟಿಯ ಗುಳಿಗಳಿಗೆ ಸುಳಿವು ಸಿಗುತ್ತದೆ. ತಿಂದ ಮೇಲೆ ಎರಡು ದಿನ ಎತ್ತಿ ಆಡಿಸಬೇಡಿ.

ಕಣ್ಣು ಹಾಲುಗಟ್ಟಿದಂತೆ ಮಸುಕಾಗಿದ್ದರೆ ಅದು ಪೊರೆ ಬಿಡುವ ಮುನ್ಸೂಚನೆ. ಆ ದಿನಗಳಲ್ಲಿ ಊಟ ಬಿಡುವುದು ಸಹಜ. ಆದರೆ ತೂಕ ನೂರಕ್ಕೆ ಹತ್ತರಷ್ಟು ಇಳಿದರೆ, ಮತ್ತೆ ಕಕ್ಕಿದರೆ, ಬಾಯಲ್ಲಿ ನೊರೆ, ಉಸಿರಲ್ಲಿ ಸೀಟಿಯ ಸದ್ದು ಬಂದರೆ ಸರೀಸೃಪಗಳ ಚಿಕಿತ್ಸೆ ತಿಳಿದ ಪಶುವೈದ್ಯರಿಗೆ ತೋರಿಸಿ.

ಪ್ರಶ್ನೆ: ಮನೆಯಲ್ಲಿ ಬೋನಿಗೆ ಬಿದ್ದ ಇಲಿಯನ್ನೇ ಜೀವಂತ ಹಾಕಿದರೆ ಖರ್ಚು ಉಳಿಯುವುದಿಲ್ಲವೇ?
— ವಿದ್ಯಾರ್ಥಿ, ಹೊಸೂರು

ಉತ್ತರ: ಉಳಿದ ಖರ್ಚು ಚಿಕಿತ್ಸೆಗೆ ಹೋಗುತ್ತದೆ. ಬೀದಿಯ ಇಲಿ ಪಕ್ಕದ ಮನೆಯ ಇಲಿಪಾಷಾಣ ತಿಂದಿರಬಹುದು; ಆ ವಿಷ ಹಾವಿಗೂ ಏರೀತು. ಅದರ ಮೈಯಲ್ಲಿ ಜಂತು, ಉಣ್ಣೆ ಇರುತ್ತವೆ. ಅದರ ಮೂತ್ರದಿಂದ ನಿಮಗೇ ಇಲಿಜ್ವರ ತಗಲಬಹುದು. ಜೀವಂತ ಇಲಿ ಸುಮ್ಮನೆ ಕೂರುವುದಿಲ್ಲ: ಹಸಿವಿಲ್ಲದ ಹಾವಿನ ಬೆನ್ನನ್ನು ಮೂಳೆ ಕಾಣುವವರೆಗೆ ಕಡಿಯುತ್ತದೆ. ಶುದ್ಧವಾಗಿ ಸಾಕಿ ಶೀತಲೀಕರಿಸಿದ ಇಲಿಯೇ ಆಗಬೇಕು.

ಪ್ರಶ್ನೆ: ನಮ್ಮ ಮೈದುನ ಹಾವು ಸಾಕಿದ್ದಾನೆ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ವಿಷವಿಲ್ಲ ಎನ್ನುತ್ತಾನೆ, ಬೇರೆ ಭಯವಿದೆಯೇ?
— ಗೃಹಿಣಿ, ರಾಯಕೋಟೆ

ಉತ್ತರ: ಇದೆ. ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಅದು ಜೋರು ಭೇದಿ, ಜ್ವರ ತರುತ್ತದೆ. ಮಗು ಹಾವನ್ನೂ ಪೆಟ್ಟಿಗೆಯನ್ನೂ ಮುಟ್ಟಬಾರದು. ಹಾವಿನ ನೀರಿನ ಬಟ್ಟಲನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಇಲಿಯನ್ನು ಅನ್ನ ಸಾರು ಇಡುವ ಫ್ರಿಜ್ಜಿನಲ್ಲಿ ಇಡಬಾರದು. ಹಾವು ಮುಟ್ಟಿದವರು ಸೋಪಿನಲ್ಲಿ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಲಿ. ಇದನ್ನು ಮೈದುನನಿಗೆ ನಾನು ಹೇಳಿದೆನೆಂದೇ ಹೇಳಿ.

ಪ್ರಶ್ನೆ: ಅಂಗಡಿಯಿಂದ ತಂದ ಹೆಬ್ಬಾವನ್ನು ಸಾಕಲು ಆಗುತ್ತಿಲ್ಲ. ಅಂಚೆಟ್ಟಿ ಕಾಡಿಗೆ ಬಿಟ್ಟುಬಿಡಲೇ?
— ಹೆಸರು ಬೇಡ, ಹೊಸೂರು

ಉತ್ತರ: ಖಂಡಿತ ಬೇಡ. ಅಂಚೆಟ್ಟಿಯ ಕಾಡು ಕಾವೇರಿ ಉತ್ತರ ವನ್ಯಜೀವಿಧಾಮಕ್ಕೆ ಸೇರಿದ್ದು, ನಮ್ಮ ಹೆಬ್ಬಾವಿನ ನೆಲೆ. ಪೆಟ್ಟಿಗೆಯಲ್ಲಿ ಬೆಳೆದ ಹೊರದೇಶದ ಹಾವು ಅಲ್ಲಿ ಹಸಿದು ಸಾಯುತ್ತದೆ, ಇಲ್ಲವೇ ತನ್ನ ರೋಗವನ್ನು ಅಲ್ಲಿನ ಹಾವುಗಳಿಗೆ ಅಂಟಿಸುತ್ತದೆ. ಬದುಕಿ ಬೇರೂರಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಫ್ಲೋರಿಡಾ ಸಾಕ್ಷಿ. ಸಾಕುಪ್ರಾಣಿ ವ್ಯಾಪಾರದಿಂದ ತಪ್ಪಿಸಿಕೊಂಡ, ಜನ ಬಿಟ್ಟುಹೋದ ಬರ್ಮಾ ಹೆಬ್ಬಾವುಗಳು ಅಲ್ಲಿನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಮೊಲ, ರಕೂನ್‌ಗಳೇ ಅಪರೂಪವಾಗುವಷ್ಟು ಬೆಳೆದಿವೆ. ಸರ್ಕಾರವೇ ಬೇಟೆಗಾರರಿಗೆ ಸಂಬಳ ಕೊಟ್ಟು ಹಿಡಿಸುತ್ತಿದೆ.

ಹೊಸೂರಿನ ಅರಣ್ಯ ಕಚೇರಿಗೆ ತಿಳಿಸಿ, ನೋಂದಣಿಯ ದಾಖಲೆಯೊಂದಿಗೆ ಹಾವನ್ನು ಒಪ್ಪಿಸುವ ದಾರಿ ಕೇಳಿ. ಬಾಲ್ ಪೈಥಾನ್ ಇಪ್ಪತ್ತು, ಮೂವತ್ತು ವರ್ಷ ಬದುಕುವ ಪ್ರಾಣಿ. ಕೊಳ್ಳಬೇಕೆಂದಿರುವ ಓದುಗರು ಆ ಲೆಕ್ಕವನ್ನು ಅಂಗಡಿಗೆ ಹೋಗುವ ಮೊದಲೇ ಹಾಕಿಕೊಳ್ಳಲಿ.