‘ಚೆನ್ನಾಗಿದೆ’ ಎಂದಾದ ಮೇಲೆ: ಮಾಯಾಕಥೆ, ಪ್ರೇಮಕಥೆಗಳ ಓದನ್ನು ತರಗತಿಗೆ ತಂದ ಎರಡು ಅವಧಿಗಳು

ತರಗತಿ: 9
ಅವಧಿ: 40 ನಿಮಿಷಗಳ ಎರಡು ಅವಧಿಗಳು
ಸ್ಥಳ: ಚಿಕ್ಕರಸಿನಕೆರೆಯ ಒಂದು ಪ್ರೌಢಶಾಲೆ, ಮದ್ದೂರು ತಾಲ್ಲೂಕು

ಪೀಠಿಕೆ

ಒಂಬತ್ತನೇ ತರಗತಿಯ ಮಕ್ಕಳನ್ನು ‘ಈಚೆಗೆ ಓದಿದ ಕಥೆ ಹೇಗಿತ್ತು?’ ಎಂದು ಕೇಳಿದರೆ ಬರುವ ಉತ್ತರಗಳು ಎರಡೇ: ‘ಚೆನ್ನಾಗಿತ್ತು ಮಿಸ್’ ಅಥವಾ ‘ಬೋರ್ ಮಿಸ್’. ‘ಏಕೆ?’ ಎಂದ ಕೂಡಲೇ ತಲೆ ತಗ್ಗುತ್ತದೆ. ಅದೇ ಮಕ್ಕಳು ವಿಜ್ಞಾನದ ಅವಧಿಯಲ್ಲಿ ‘ನೀಲಿ ಲಿಟ್ಮಸ್ ಕೆಂಪಾಯಿತು, ಆದ್ದರಿಂದ ಇದು ಆಮ್ಲ’ ಎಂದು ಆಧಾರಸಮೇತ ಹೇಳುತ್ತಾರೆ. ಪ್ರಯೋಗದ ಮೇಜಿನ ಬಳಿ ಬರುವ ಈ ‘ಆದ್ದರಿಂದ’ ಕಥೆಯ ಬಳಿ ಏಕೆ ಬರುವುದಿಲ್ಲ? ಅಭ್ಯಾಸ ಬೋಧನೆಯ ದಿನಗಳಲ್ಲಿ ಸಿಕ್ಕ ಎರಡು ಬದಲಿ ಅವಧಿಗಳನ್ನು, ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು, ಈ ಪ್ರಶ್ನೆಗೆ ಬಳಸಿಕೊಂಡೆ.

ಮಕ್ಕಳು ಓದುತ್ತಿರುವುದೇನು?

ಇಂಗ್ಲಿಷ್ ಪುಸ್ತಕಲೋಕದಲ್ಲಿ ಹದಿಹರೆಯದವರಿಗೆಂದೇ ‘ಯಂಗ್ ಅಡಲ್ಟ್’ ಎಂಬ ಬೇರೆ ಕಪಾಟು ಇದೆ. ಮಾಯಾಲೋಕದ ಕಾದಂಬರಿಗಳಿಗೂ ಪ್ರೇಮಕಾದಂಬರಿಗಳಿಗೂ ಅಲ್ಲಿ ದೊಡ್ಡ ಜಾಗ. ಕನ್ನಡದಲ್ಲಿ ಅಂಥ ಕಪಾಟು ಸ್ಪಷ್ಟವಾಗಿಲ್ಲ. ಹಾಗಾಗಿ ನಮ್ಮ ಮಕ್ಕಳು ಸಿಕ್ಕಿದ್ದನ್ನು ಓದುತ್ತಾರೆ. ಅಮ್ಮ, ಚಿಕ್ಕಮ್ಮಂದಿರು ಓದಿಟ್ಟ ತ್ರಿವೇಣಿ, ಸಾಯಿಸುತೆಯವರ ಕಾದಂಬರಿಗಳು ಮನೆಯಲ್ಲಿರುತ್ತವೆ. ಹಳೆಯ ಚಂದಮಾಮ ಸಂಚಿಕೆಗಳು ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಮನೆಯ ಮೊಬೈಲಿನಲ್ಲಿ, 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಂಥ ವೇದಿಕೆಗಳ ಕನ್ನಡ ಧಾರಾವಾಹಿಗಳಿವೆ. ಹ್ಯಾರಿ ಪಾಟರ್ ಕಥೆ ಕೆಲವರಿಗೆ ಸಿನಿಮಾದಿಂದ ಗೊತ್ತು.

ಈ ಓದಿಗೆ ದೊಡ್ಡವರ ಪ್ರತಿಕ್ರಿಯೆಯೂ ಎರಡೇ ಬಗೆ. ಒಂದು, ‘ಓದೋ ವಯಸ್ಸಿನಲ್ಲಿ ಇದೆಲ್ಲ ಏನು?’ ಎಂದು ಪುಸ್ತಕ ಕಿತ್ತಿಡುವುದು. ಇನ್ನೊಂದು, ‘ಏನೋ ಓದ್ಕೊಳ್ಲಿ ಬಿಡಿ’ ಎಂದು ಸುಮ್ಮನಾಗುವುದು. ಕಿತ್ತಿಟ್ಟರೆ ಓದು ಕದ್ದುಮುಚ್ಚಿ ನಡೆಯುತ್ತದೆ. ಸುಮ್ಮನಾದರೆ, ಕಥೆ ಹೇಳಿದ್ದನ್ನೆಲ್ಲ ಮಗು ಒಂಟಿಯಾಗಿ ಅರಗಿಸಿಕೊಳ್ಳಬೇಕಾಗುತ್ತದೆ. ಬಲವಂತವಾಗಿ ತಾಳಿ ಕಟ್ಟಿದವನೇ ಕೊನೆಗೆ ಒಳ್ಳೆಯ ಗಂಡನಾಗುವ ಧಾರಾವಾಹಿಯನ್ನು ಹದಿನಾಲ್ಕು ವರ್ಷದ ಹುಡುಗಿ ಓದುತ್ತಿದ್ದರೆ, ಅದರ ಬಗ್ಗೆ ಅವಳು ಯಾರೊಂದಿಗೆ ಮಾತನಾಡಬೇಕು? ಈ ಪಾಠದ ಹಿಂದಿನ ಕಾಳಜಿ ಇದು.

ಉದ್ದೇಶಗಳು

1. ಓದಿದ ಕಥೆಯ ಬಗ್ಗೆ ವಿದ್ಯಾರ್ಥಿಯು ಒಂದು ಅಭಿಪ್ರಾಯ ಹೇಳಿ, ಅದಕ್ಕೆ ಕಥೆಯೊಳಗಿನಿಂದಲೇ ಆಧಾರ ಕೊಡುವನು/ಳು.
2. ತನ್ನ ಅಭಿಪ್ರಾಯಕ್ಕೆ ಎದುರಾದ ಆಧಾರವನ್ನೂ ಗುರುತಿಸುವನು/ಳು.
3. ಮಾಯಾಕಥೆಯಲ್ಲಿ ಮಾಯೆಗೂ ನಿಯಮವಿರುತ್ತದೆ ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವನು/ಳು.
4. ಪ್ರೇಮಕಥೆಯಲ್ಲಿ ‘ಒಪ್ಪಿಗೆ’ ಹೇಗೆ ದೊರೆಯಿತು ಎಂಬುದನ್ನು ಪರಿಶೀಲಿಸುವನು/ಳು.

ಕಥೆಯ ಆಯ್ಕೆ

ಕಾದಂಬರಿಯನ್ನು ಎರಡು ಅವಧಿಯಲ್ಲಿ ಓದಿಸಲಾಗದು. ಒಬ್ಬೊಬ್ಬರು ಒಂದೊಂದನ್ನು ಓದಿದ್ದರೆ ಚರ್ಚೆಗೆ ಎಲ್ಲರಿಗೂ ಗೊತ್ತಿರುವ ನೆಲೆ ಸಿಗದು. ಆದ್ದರಿಂದ ಮಾಯೆ, ಪ್ರೇಮ ಎರಡೂ ಇರುವ ಒಂದು ಚಿಕ್ಕ ಕಥೆ ಬೇಕಿತ್ತು. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕನ್ನಡ ಜನಪದ ಕಥೆಯನ್ನು ಆರಿಸಿಕೊಂಡೆ. ಗಿರೀಶ ಕಾರ್ನಾಡರು ಇದನ್ನೇ ಆಧರಿಸಿ 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ಇದನ್ನು ಗೀತನಾಟಕವಾಗಿಸಿದರು. ಅದರ ಮೊದಲ ಪ್ರದರ್ಶನ 2006ರಲ್ಲಿ ವಿಯೆನ್ನಾದಲ್ಲಿ ನಡೆಯಿತು. ನಮ್ಮ ಅಜ್ಜಿಯರ ಬಾಯಿಂದ ಹೊರಟ ಕಥೆ ಅಷ್ಟು ದೂರ ಹೋಗಿದೆ ಎಂದಾಗ ಮಕ್ಕಳ ಬೆನ್ನು ನೆಟ್ಟಗಾಯಿತು.

ಕಥೆಯ ಸಾರ: ಬಡತಾಯಿಯ ಕಿರಿಮಗಳು ಹೂಮರವಾಗಬಲ್ಲಳು. ಉಗುರು ಸೋಕದ ಒಂದು ಬಿಂದಿಗೆ ನೀರು ಸುರಿದರೆ ಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಹೂ ಕೀಳುವಾಗ ಎಲೆ, ಚಿಗುರಿಗೆ ನೋವಾಗಬಾರದು. ಅಕ್ಕ ಹೂ ಕಿತ್ತು ಅರಮನೆಗೆ ಮಾರುತ್ತಾಳೆ. ರಾಜಕುಮಾರ ಕದ್ದು ನೋಡಿ, ಅವಳನ್ನೇ ಮದುವೆಯಾಗುತ್ತಾನೆ. ತನ್ನೆದುರು ಮರವಾಗುವವರೆಗೆ ಅವಳೊಂದಿಗೆ ಮಾತನ್ನೇ ಆಡುವುದಿಲ್ಲ. ಕೊನೆಗೆ ಅವಳು ಒಪ್ಪುತ್ತಾಳೆ. ಗುಟ್ಟು ತಿಳಿದ ನಾದಿನಿ ಅವಳನ್ನು ಸುರಹೊನ್ನೆ ತೋಟಕ್ಕೆ ಕರೆದೊಯ್ದು, ಕಾಡಿಸಿ ಮರವಾಗಿಸುತ್ತಾಳೆ. ಹುಡುಗಿಯರು ಕೊಂಬೆ ಮುರಿದು, ನೀರನ್ನು ಹೇಗೆ ಹೇಗೋ ಚೆಲ್ಲಿ ಓಡುತ್ತಾರೆ. ಅವಳು ಕೈಕಾಲಿಲ್ಲದ ಅರೆಜೀವವಾಗುತ್ತಾಳೆ. ಬಹಳ ದಿನಗಳ ಮೇಲೆ ರಾಜಕುಮಾರ ಅವಳನ್ನು ಗುರುತಿಸಿ, ಮತ್ತೆ ಮರವಾಗಿಸಿ, ಮುರಿದ ಕೊಂಬೆಗಳನ್ನು ಸರಿಪಡಿಸಿ ನೀರೆರೆಯುತ್ತಾನೆ. ಅವಳು ಮೊದಲಿನಂತಾಗುತ್ತಾಳೆ.

ಮೊದಲ ಅವಧಿ: ಮಾಯೆಗೂ ನಿಯಮವಿದೆ

ಕಥೆ ಹೇಳಿ ಮುಗಿಸಿದ ಮೇಲೆ ಕಪ್ಪುಹಲಗೆಯ ಮೇಲೆ ಮೂರು ಕಾಲಂ ಎಳೆದೆ: ಅಭಿಪ್ರಾಯ, ಕಥೆಯಲ್ಲಿರುವ ಆಧಾರ, ಎದುರು ಆಧಾರ. ಮೊದಲು ಕೇಳಿದ ಪ್ರಶ್ನೆ: ‘ಈ ಮಾಯೆಗೆ ಏನೇನು ನಿಯಮಗಳಿವೆ?’ ಎರಡು ಬಿಂದಿಗೆ, ಉಗುರು ಸೋಕದ ನೀರು, ಎಲೆಗೆ ನೋಯಿಸದಿರುವುದು ಎಂದು ಮಕ್ಕಳೇ ಪಟ್ಟಿ ಮಾಡಿದರು. ‘ನಿಯಮ ಮುರಿದರೆ?’ ಎಂದದ್ದಕ್ಕೆ ‘ಅರ್ಧ ಮನುಷ್ಯಳಾಗ್ತಾಳೆ’ ಎಂಬ ಉತ್ತರ ಬಂತು. ವಿಕ್ರಮ-ಬೇತಾಳ ಕಥೆ ಗೊತ್ತಿದ್ದ ಹುಡುಗನೊಬ್ಬ, ‘ಅಲ್ಲೂ ಹಂಗೇ ಮಿಸ್, ರಾಜ ಮಾತಾಡಿದ್ರೆ ಹೆಣ ವಾಪಸ್ ಮರಕ್ಕೋಯ್ತದೆ’ ಎಂದ. ನಿಯಮ ಇರುವುದರಿಂದಲೇ ಮುಂದೇನಾಗುವುದೋ ಎಂಬ ಆತಂಕ ಹುಟ್ಟುತ್ತದೆ ಎಂಬ ಮಾತಿಗೆ ಹೀಗೆ ಎರಡು ಉದಾಹರಣೆ ಸಿಕ್ಕವು.

ಆ ವಾರ ವಿಜ್ಞಾನದಲ್ಲಿ ರಾಶಿ ಸಂರಕ್ಷಣಾ ನಿಯಮ ನಡೆಯುತ್ತಿತ್ತು. ರಾಸಾಯನಿಕ ಕ್ರಿಯೆಯಲ್ಲಿ ರಾಶಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ. ಹ್ಯಾರಿ ಪಾಟರ್ ಕಾದಂಬರಿಗಳ ಮಾಯಾಲೋಕದಲ್ಲೂ ಶೂನ್ಯದಿಂದ ಊಟ ಸೃಷ್ಟಿಸುವಂತಿಲ್ಲ. ಇರುವ ಊಟವನ್ನು ಹೆಚ್ಚಿಸಬಹುದು, ಎಲ್ಲಿದೆಯೆಂದು ಗೊತ್ತಿದ್ದರೆ ತರಿಸಿಕೊಳ್ಳಬಹುದು. ಇದನ್ನು ಹೇಳಿ ‘ಈ ನಿಯಮ ಸರಿಯೆ?’ ಎಂದೆ. ಹಿಂದಿನ ಬೆಂಚಿನ ಹುಡುಗಿ, ‘ಹೆಚ್ಚು ಮಾಡೋದಾದ್ರೂ ಅದು ಎಲ್ಲಿಂದಾದ್ರೂ ಬರಬೇಕಲ್ಲ ಮಿಸ್? ಆ ನಿಯಮ ಅರ್ಧಕ್ಕೇ ನಿಂತದೆ’ ಎಂದಳು. ನೀವು ಕೇಳಿದ್ದು ವಿಮರ್ಶಕರು ಕೇಳುವ ಪ್ರಶ್ನೆ ಎಂದು ಹೇಳಿ, ಆ ಮಾತನ್ನು ‘ಎದುರು ಆಧಾರ’ದ ಕೆಳಗೆ ಬರೆಸಿದೆ. ಕಥೆಯ ನಿಯಮ ನಮ್ಮ ಲೋಕದ ನಿಯಮವೇ ಆಗಬೇಕಿಲ್ಲ. ಲೇಖಕರು ತಾವೇ ಹಾಕಿಕೊಂಡ ನಿಯಮಕ್ಕೆ ಬದ್ಧರಾಗಿದ್ದಾರೆಯೆ ಎಂಬುದನ್ನು ನೋಡಬೇಕು. ಮಾಯಾಕಥೆಯನ್ನು ಅಳೆಯಲು ಮಕ್ಕಳಿಗೆ ಕೊಟ್ಟ ಮೊದಲ ಅಳತೆಗೋಲು ಇದು.

ಇದೇ ಹೊತ್ತಿನಲ್ಲಿ ಒಬ್ಬ, ‘ಹಂಗಾದ್ರೆ ನಮ್ಮೂರ ಬಸಪ್ಪ?’ ಎಂದು ಕೇಳಿದ. ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸವಪ್ಪನ ಮೇಲೆ ಸುತ್ತಲಿನ ಜನರಿಗೆ ಇರುವ ಭಕ್ತಿ ಎಲ್ಲರಿಗೂ ಗೊತ್ತು. ‘ಅದು ಜನರ ನಂಬಿಕೆಯ ವಿಷಯ. ನಾವು ಇಲ್ಲಿ ನೋಡುತ್ತಿರುವುದು ಕಥೆ ಕಟ್ಟಿದವರ ಕೆಲಸವನ್ನು’ ಎಂದು ಹೇಳಿ ಮುಂದೆ ಸಾಗಿದೆ. ಈ ಗೆರೆಯನ್ನು ಗೌರವದಿಂದ, ಸ್ಪಷ್ಟವಾಗಿ ಎಳೆಯುವುದು ಅಗತ್ಯ. ಇಲ್ಲವಾದರೆ ಪಾಠ ಬೇರೆಯೇ ದಾರಿ ಹಿಡಿಯುತ್ತದೆ.

ಎರಡನೆಯ ಅವಧಿ: ಅವಳು ಒಪ್ಪಿದ್ದು ಹೇಗೆ?

‘ರಾಜಕುಮಾರ ಅವಳನ್ನು ಪ್ರೀತಿಸಿದನೆ?’ ಎಂಬ ಪ್ರಶ್ನೆಗೆ ತರಗತಿ ಎರಡು ಭಾಗವಾಯಿತು. ‘ಹೌದು’ ಎಂದವರು ಕೊನೆಯನ್ನು ಆಧಾರವಾಗಿ ಕೊಟ್ಟರು: ಅವಳನ್ನು ಕಳೆದುಕೊಂಡು ಅಲೆದ, ಗುರುತಿಸಿದ, ಸರಿಪಡಿಸಿದ. ‘ಇಲ್ಲ’ ಎಂದವರು ಮೊದಲ ಭಾಗವನ್ನು ಹಿಡಿದರು: ಕದ್ದು ನೋಡಿದ, ಮಾತು ಬಿಟ್ಟ, ಹಟ ಮಾಡಿದ.

‘ಅವ್ಳೇ ಒಪ್ಕಂಡ್ಳಲ್ಲ ಮಿಸ್?’ ಎಂದ ಒಬ್ಬ ಹುಡುಗ. ಅದಕ್ಕೆ ಉತ್ತರ ನಾನು ಕೊಡಬೇಕಾಗಲಿಲ್ಲ. ‘ಒಪ್ಪೋ ತನ್ಕ ಮಾತೇ ಆಡ್ನಿಲ್ಲ ಅಂದ್ರೆ ಅವ್ಳಿನ್ನೇನ್ ಮಾಡಾಳು?’ ಎಂದು ಹುಡುಗಿಯೊಬ್ಬಳು ತಿರುಗಿ ಕೇಳಿದಳು. ಆಗ ಹಲಗೆಯ ಮೇಲೆ ಮೂರು ಹೆಸರು ಬರೆದೆ: ಅಕ್ಕ, ರಾಜಕುಮಾರ, ನಾದಿನಿ. ಮೂವರ ಎದುರಿಗೂ ಆಕೆ ಮರವಾದಳು. ಯಾರ ಎದುರಿಗೆ ತಾನಾಗಿ? ಯಾರ ಎದುರಿಗೆ ಒತ್ತಾಯಕ್ಕೆ? ಅಕ್ಕನಿಗೆ ಹೇಳಿಕೊಟ್ಟದ್ದು ಅವಳೇ. ರಾಜಕುಮಾರನದು ಮೌನದ ಒತ್ತಾಯ. ನಾದಿನಿಯದು ಬಾಯಿಮಾತಿನ ಒತ್ತಾಯ. ಹೀಗೆ ಜೋಡಿಸಿದಾಗ, ನಾದಿನಿಯನ್ನು ಮಾತ್ರ ಬೈಯುತ್ತಿದ್ದ ಮಕ್ಕಳು ರಾಜಕುಮಾರನ ಕಡೆಗೂ ನೋಡಿದರು. ‘ಮೊದ್ಲು ತಪ್ಪು ಮಾಡ್ದ, ಆಮೇಲೆ ಕಲ್ತ’ ಎಂಬ ಮೂರನೆಯ ಅಭಿಪ್ರಾಯ ಹುಟ್ಟಿದ್ದು ಆಗಲೇ. ಮಕ್ಕಳು ಹೆಚ್ಚಾಗಿ ಅದನ್ನೇ ಒಪ್ಪಿದರು. ಒಪ್ಪದವರು ಒಪ್ಪದೆಯೇ ಉಳಿದರು. ಅದಕ್ಕೂ ಅವರ ಬಳಿ ಆಧಾರವಿತ್ತು.

ಇದಾದ ಮೇಲೆ ಒಂದು ಕಾದಂಬರಿಯ ಕಥೆಯನ್ನು ಹೋಲಿಕೆಗೆ ಹೇಳಿದೆ. ತ್ರಿವೇಣಿ (1928–1963) ಅವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ಚಿತ್ರ ಮಾಡಿದ್ದರಿಂದ ಮನೆಯ ಹಿರಿಯರಿಗೂ ಅದು ಗೊತ್ತು. ಇಂದಿರಾ ಒಬ್ಬಳೇ ಮಗಳು, ಆಸ್ತಿಗೆ ವಾರಸುದಾರಳು. ಅವಳ ತಂದೆಯ ಹಣದಲ್ಲಿ ಮೋಹನ್ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಇಂದಿರಾಗೆ ತಮ್ಮ ಹುಟ್ಟಿದಾಗ, ಆಸ್ತಿ ಕೈತಪ್ಪಿತೆಂದು ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವನು ಮನಸ್ಸು ಬದಲಿಸಿ ಬಂದಾಗ ಇಂದಿರಾ ಒಪ್ಪುವುದಿಲ್ಲ. ‘ಮದ್ವೆನೇ ಆಗ್ನಿಲ್ಲ ಅಂದ್ರೆ ಅದೆಂಥ ಲವ್ ಸ್ಟೋರಿ?’ ಎಂದು ಮುನಿಸಿಕೊಂಡವರಿದ್ದರು. ‘ಅವ್ನು ಬಂದಿದ್ದು ಇವ್ಳಿಗೋ ಆಸ್ತಿಗೋ ಅಂತ ಇವ್ಳಿಗೆ ಗೊತ್ತಾಯ್ತಲ್ಲ’ ಎಂದು ಮೆಚ್ಚಿದವರೂ ಇದ್ದರು. ಪ್ರೇಮಕಾದಂಬರಿಯಲ್ಲಿ ‘ಇಲ್ಲ’ ಎನ್ನುವ ನಾಯಕಿಗೂ ಜಾಗವಿದೆ, ಆ ಪುಸ್ತಕವನ್ನು ಓದುಗರು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಓದುತ್ತಿದ್ದಾರೆ ಎಂಬುದು ಅವರಿಗೆ ಹೊಸ ವಿಷಯವಾಗಿತ್ತು.

ವಿಸ್ತರಣೆ: ನಾನು ಓದಿದ ಪುಸ್ತಕ

ತಾವೇ ಓದಿದ ಯಾವುದಾದರೂ ಕಥೆ ಅಥವಾ ಕಾದಂಬರಿಗೆ ಈ ನಾಲ್ಕು ಪ್ರಶ್ನೆ ಹಾಕಿ, ಅರ್ಧ ಪುಟ ಬರೆದು ತರಲು ಹೇಳಿದೆ. ಹೆಸರು ಬರೆಯುವುದು ಕಡ್ಡಾಯವಲ್ಲ.

1. ಈ ಕಥೆಯ ಲೋಕದ ನಿಯಮವೇನು? ಕೊನೆಯವರೆಗೂ ಅದು ಉಳಿಯಿತೆ?
2. ನಾಯಕಿ ಅಥವಾ ನಾಯಕ ‘ಇಲ್ಲ’ ಎಂದಾಗ ಎದುರಿನವರು ಏನು ಮಾಡಿದರು?
3. ಈ ಘಟನೆ ನಿಮ್ಮ ಗೆಳತಿಗೋ ಗೆಳೆಯನಿಗೋ ನಡೆದರೆ ಏನು ಹೇಳುತ್ತೀರಿ?
4. ನಿಮ್ಮ ಅಭಿಪ್ರಾಯ ತಪ್ಪು ಎನ್ನುವವರು ಕಥೆಯ ಯಾವ ಭಾಗವನ್ನು ತೋರಿಸಬಹುದು?

ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳೇ ಹೆಚ್ಚು ಉದ್ದವಾಗಿದ್ದವು. ಒಂದು ಹಾಳೆಯಲ್ಲಿ, ಸಿಟ್ಟಿನಲ್ಲಿ ಕೈ ಹಿಡಿದೆಳೆಯುವ ನಾಯಕ ಕಥೆಯಲ್ಲಾದರೆ ಇಷ್ಟ, ಬಸ್‌ಸ್ಟ್ಯಾಂಡಿನಲ್ಲಾದರೆ ಭಯ ಎಂದಿತ್ತು. ನಾನು ಓದಿದ ಉತ್ತರಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದು. ಆ ಕಥೆಯನ್ನು ಇಷ್ಟಪಡುವುದು ತಪ್ಪು ಎಂದು ನಾನು ಬರೆಯಲಿಲ್ಲ. ‘ಈ ಎರಡರ ನಡುವಿನ ವ್ಯತ್ಯಾಸ ನಿಮಗೆ ಗೊತ್ತಿದೆ. ಕಥೆ ಬರೆದವರು ಆ ಭಯವನ್ನು ಎಲ್ಲಿ ಅಡಗಿಸಿದ್ದಾರೆ, ಹುಡುಕಿ’ ಎಂದು ಕೆಳಗೆ ಬರೆದುಕೊಟ್ಟೆ.

ಮೌಲ್ಯಮಾಪನ

ಅಂಕ ಕೊಡುವಾಗ ಅಭಿಪ್ರಾಯ ಯಾವುದು ಎಂದು ನೋಡಲಿಲ್ಲ. ಅಭಿಪ್ರಾಯ ಸ್ಪಷ್ಟವಾಗಿದೆಯೆ, ಕನಿಷ್ಠ ಒಂದು ಘಟನೆಯನ್ನು ಆಧಾರವಾಗಿ ಕೊಟ್ಟಿದ್ದಾರೆಯೆ, ಎದುರು ಆಧಾರವನ್ನು ಮುಚ್ಚಿಡದೆ ಹೇಳಿದ್ದಾರೆಯೆ, ಈ ಮೂರನ್ನೇ ನೋಡಿದೆ. ಎದುರು ಆಧಾರ ಕೊಡುವುದು ಹೆಚ್ಚಿನ ಮಕ್ಕಳಿಗೆ ಕಷ್ಟವಾಯಿತು. ಪ್ರಯೋಗದ ವರದಿ ಬರೆಯುವಾಗಲೂ ನಿರೀಕ್ಷೆಗೆ ಹೊಂದದ ಫಲಿತಾಂಶವನ್ನು ಅಳಿಸಿಬಿಡುವ ಅಭ್ಯಾಸ ಅವರಲ್ಲಿದೆ. ಎರಡಕ್ಕೂ ಒಂದೇ ಮದ್ದು ಎಂದು ನನಗೆ ಅನಿಸುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಒಂದು, ಮಕ್ಕಳ ಸ್ವಂತ ಜೀವನದ ಬಗ್ಗೆ ತರಗತಿಯಲ್ಲಿ ಪ್ರಶ್ನೆ ಕೇಳಬೇಡಿ. ಚರ್ಚೆ ಪಾತ್ರಗಳ ಬಗ್ಗೆಯೇ ಇರಲಿ. ಪಾತ್ರದ ನೆಪದಲ್ಲಿ ಮಕ್ಕಳು ಹೇಳಬಲ್ಲದ್ದು ಬಹಳವಿದೆ.

ಎರಡು, ಯಾವುದೇ ಮಗು ತನಗೆ ಮದುವೆಯ ಮಾತು ನಡೆಯುತ್ತಿದೆ ಎಂದೋ ಯಾರಿಂದಲೋ ತೊಂದರೆಯಾಗುತ್ತಿದೆ ಎಂದೋ ಬರೆದರೆ ಅದು ಮೌಲ್ಯಮಾಪನದ ಹಾಳೆಯಾಗಿ ಉಳಿಯುವುದಿಲ್ಲ. ಕೂಡಲೇ ಮುಖ್ಯ ಶಿಕ್ಷಕರ ಗಮನಕ್ಕೆ ತರಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ಮಕ್ಕಳ ಸಹಾಯವಾಣಿ 1098ನ್ನು ತರಗತಿಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ಮೂರು, ಮಕ್ಕಳು ಹೆಸರಿಸಿದ ಪುಸ್ತಕವನ್ನು ಓದದೆ ಅದರ ಬಗ್ಗೆ ತೀರ್ಪು ಕೊಡಬೇಡಿ. ಕೆಲವು ಅಧ್ಯಾಯವಾದರೂ ಓದಿ. ನಾವೇ ಆಧಾರವಿಲ್ಲದೆ ಮಾತನಾಡಿದರೆ ಮೂರು ಕಾಲಂಗಳಿಗೆ ಅರ್ಥವಿರದು.

ನಾಲ್ಕು, ಮುಂದಿನ ಓದಿಗೆ ದಾರಿ ತೋರಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಮಾಯಾಕಥೆ ಇಷ್ಟಪಡುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹೇಳಿ. ಅದರಲ್ಲಿ ಹಾರುವ ಓತಿಯ ಹುಡುಕಾಟವಿದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹಾರುವ ಓತಿ ನಿಜವಾಗಿಯೂ ಇದೆ, ಪಕ್ಕೆಯ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಕಾದಂಬರಿಯಲ್ಲಿ ವಿಜ್ಞಾನ ಎಲ್ಲಿ ಮುಗಿಯಿತು, ಕಲ್ಪನೆ ಎಲ್ಲಿ ಶುರುವಾಯಿತು ಎಂದು ಹುಡುಕುವುದು ಜೀವವಿಜ್ಞಾನದ ಒಳ್ಳೆಯ ಮನೆಗೆಲಸವಾಗುತ್ತದೆ. ಪ್ರೇಮಕಥೆ ಇಷ್ಟಪಡುವವರಿಗೆ ‘ಬೆಳ್ಳಿಮೋಡ’ ಕೊಡಿ. ಓದಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳುವುದಕ್ಕಿಂತ, ‘ಇಂದಿರಾ ಮಾಡಿದ್ದು ಸರಿ ಅಂತ ಯಾವ ಪುಟದಲ್ಲಿ ಅನ್ನಿಸಿತು?’ ಎಂದು ಕೇಳಿ ನೋಡಿ. ಮಾತು ತಾನಾಗಿ ಮುಂದುವರಿಯುತ್ತದೆ.