ಮಳೆಯ ಮಾತು: ಕೃಷಿ ಸಲಹೆಯ ಕನ್ನಡ ಮತ್ತು ಬೇಸಾಯಗಾರರ ಕನ್ನಡ

ಹವಾಗುಣದ ಏರುಪೇರಿಗೆ ಹೊಂದಿಕೊಳ್ಳುವ ಬೇಸಾಯವನ್ನು ಕುರಿತ ಇಂದಿನ ಚರ್ಚೆ ಕನ್ನಡಕ್ಕೆ ಬಂದುದು ಬಹುಮಟ್ಟಿಗೆ ಅನುವಾದದ ಮೂಲಕ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2010ರಲ್ಲಿ ಮುಂದಿಟ್ಟ ‘ಕ್ಲೈಮೇಟ್ ಸ್ಮಾರ್ಟ್’ ಎಂಬ ವಿಶೇಷಣ ಇಲ್ಲಿ ‘ಹವಾಮಾನ ಚತುರ ಕೃಷಿ’ಯಾಯಿತು. ಕೃಷಿಯೇ ಹೇಗೆ ಚತುರವಾದೀತು ಎಂಬ ಪ್ರಶ್ನೆಗೆ ಈ ಪದದಲ್ಲಿ ಉತ್ತರವಿಲ್ಲ. ಆದರೆ ಪದ ಪರಕೀಯವಾದ ಮಾತ್ರಕ್ಕೆ ಪರಿಕಲ್ಪನೆಯೂ ಪರಕೀಯವೆನ್ನಲಾಗದು. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನಿಡುವ ದಕ್ಷಿಣ ಕರ್ನಾಟಕದ ‘ಅಕ್ಕಡಿ ಸಾಲು’ ಪದ್ಧತಿಯಲ್ಲಿ ಮಳೆ ಒಂದು ಬೆಳೆಗೆ ಕೈಕೊಟ್ಟರೂ ಇನ್ನೊಂದು ಉಳಿಯಲಿ ಎಂಬ ಲೆಕ್ಕಾಚಾರವಿದೆ. ಕೊರತೆಯಿರುವುದು ಅರಿವಿನಲ್ಲಿ ಅಲ್ಲ. ಎರಡು ಅರಿವುಗಳನ್ನು ಜೋಡಿಸಬೇಕಾದ ಭಾಷೆಯಲ್ಲಿ.

ಹವಾಮಾನ ಮುನ್ಸೂಚನೆಯ ಕನ್ನಡವನ್ನೇ ಗಮನಿಸಬಹುದು. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ದಿನವೊಂದಕ್ಕೆ 2.5ರಿಂದ 15.5 ಮಿ.ಮೀ. ಸುರಿದರೆ ಹಗುರ ಮಳೆ, 15.6ರಿಂದ 64.4 ಮಿ.ಮೀ. ಸುರಿದರೆ ಸಾಧಾರಣ ಮಳೆ. ‘ಹಗುರದಿಂದ ಸಾಧಾರಣ ಮಳೆ’ ಎಂಬ ಪರಿಚಿತ ನುಡಿಗಟ್ಟು ಹಾಗಾಗಿ ನೆಲದ ಧೂಳಡಗಿಸುವ ಹನಿಯಿಂದ ಹಿಡಿದು ಬದುವಿನ ಮೇಲೆ ನೀರು ಹರಿಯುವ ಸುರಿತದವರೆಗೆ ಎಲ್ಲವನ್ನೂ ಒಳಗೊಳ್ಳುತ್ತದೆ. ‘ಕೆಲವೆಡೆ’, ‘ಹಲವೆಡೆ’ ಎಂಬ ಪದಗಳು ಸೂಚಿಸುವುದು ಮಳೆ ಕಂಡ ಕೇಂದ್ರಗಳ ಶೇಕಡಾವಾರು ಪ್ರಮಾಣವನ್ನು. ಕೇಳುವವನಿಗೆ ಬೇಕಾದುದಾದರೋ ತನ್ನ ಹೊಲದ ಸುದ್ದಿ.

ಬೇಸಾಯಗಾರನ ಪ್ರಶ್ನೆ ಬೇರೆಯದು: ಹದವಾಯಿತೇ? ‘ಹದ’ವೆಂಬುದು ಮಳೆಯ ಅಳತೆಯಲ್ಲ, ಮಣ್ಣಿನ ಸ್ಥಿತಿ. ಕೆಂಪು ಮರಳುಮಿಶ್ರಿತ ನೆಲಕ್ಕೆ ಒಂದು ಒಳ್ಳೆಯ ಮಳೆ ಸಾಕಾದೀತು. ಎರೆ ಭೂಮಿಗೆ ಅಷ್ಟು ಸಾಲದು, ಹೆಚ್ಚಾದರೆ ಕೆಲವು ದಿನ ಕಾಲಿಡಲೂ ಆಗದು. ಮಿಲಿಮೀಟರಿನಿಂದ ಹದಕ್ಕೆ ಬರುವ ಈ ದಾರಿಯನ್ನು ಸಲಹಾ ಪತ್ರಗಳು ಸಾಮಾನ್ಯವಾಗಿ ಕ್ರಮಿಸುವುದಿಲ್ಲ. ಸೂಕ್ತ ತೇವಾಂಶವಿದ್ದಾಗ ಬಿತ್ತನೆ ‘ಕೈಗೊಳ್ಳುವುದು’ ಎಂದು ಅವು ಹೇಳುತ್ತವೆ. ಕರ್ತೃವಿಲ್ಲದ ಈ ಕ್ರಿಯಾರೂಪ ಕಛೇರಿಯ ಸುತ್ತೋಲೆಗೆ ಒಪ್ಪುವಂಥದು. ತಪ್ಪಿದರೆ ನಷ್ಟ ಮಾತ್ರ ಕರ್ತೃವಿಗೇ: ಮೊಳೆತ ಪೈರು ಬಾಡಿದರೆ ಬೀಜ, ಕೂಲಿ, ಟ್ರ್ಯಾಕ್ಟರ್ ಬಾಡಿಗೆಗಳೆಲ್ಲ ಎರಡನೆಯ ಸಲ ತೆರಬೇಕು. ಕಳೆದ ಹದಿನೈದು ದಿನವಂತೂ ಮರಳಿ ಬರುವುದಿಲ್ಲ.

ಈ ಕಾಲಗಣನೆಗೆ ರೈತರ ನುಡಿಯಲ್ಲಿ ಸಿದ್ಧ ಚೌಕಟ್ಟೊಂದಿದೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ 13-14 ದಿನಗಳೇ ಒಂದೊಂದು ‘ಮಳೆ’: ಜೂನ್ 8ರ ಸುಮಾರಿಗೆ ಮೃಗಶಿರ, 22ರ ಸುಮಾರಿಗೆ ಆರಿದ್ರ, ಜುಲೈ 20ರ ಸುಮಾರಿಗೆ ಪುಷ್ಯ, ಆಗಸ್ಟ್ ಮೊದಲ ವಾರದಲ್ಲಿ ಆಶ್ಲೇಷ. ಮುಂಗಾರು ತಡವಾದಷ್ಟೂ ಅಲ್ಪಾವಧಿಯ ರಾಗಿ ತಳಿ ಆಯ್ದುಕೊಳ್ಳಬೇಕೆಂಬುದು ಕೃಷಿ ವಿಜ್ಞಾನದ ಶಿಫಾರಸು. ಅದನ್ನು ಹೀಗೂ ಹೇಳಬಹುದು: ಪುಷ್ಯ ಮಳೆ ಕಳೆದರೂ ಬಿತ್ತಲಾಗದಿದ್ದರೆ ಎಂಆರ್-6ರಂಥ ದೀರ್ಘಾವಧಿ ತಳಿಯನ್ನು ಬಿಟ್ಟು ಜಿಪಿಯು-28, ಆಶ್ಲೇಷವೂ ದಾಟಿದರೆ ಜಿಪಿಯು-48. ಶಿಫಾರಸಿನ ತಿರುಳು ಬದಲಾಗಿಲ್ಲ, ಅದು ನೆನಪಿನಲ್ಲಿ ನಿಲ್ಲುವ ಜಾಗ ಬದಲಾಗಿದೆ.

ಇಲ್ಲೊಂದು ಎಚ್ಚರ ಅಗತ್ಯ. ಮಳೆನಕ್ಷತ್ರಗಳ ಗಾದೆಗಳಲ್ಲಿ ತಲೆಮಾರುಗಳ ಅವಲೋಕನ ಹೆಪ್ಪುಗಟ್ಟಿರುವುದು ನಿಜ; ಅವುಗಳನ್ನೇ ಮುನ್ಸೂಚನೆಯೆಂದು ಎತ್ತಿ ಹಿಡಿಯುವ ದೇಸಿ ಹುಮ್ಮಸ್ಸು ಅಪಾಯಕಾರಿ. ನಕ್ಷತ್ರ ಪಂಚಾಂಗದಲ್ಲಿ ಸ್ಥಿರ, ಮಳೆ ಸ್ಥಿರವಲ್ಲ. ಋತುಮಾನಕ್ಕೆ ಹೋಲಿಸಿದರೆ ಈ ನಕ್ಷತ್ರಗಣನೆಯೇ ಸುಮಾರು 72 ವರ್ಷಕ್ಕೊಂದು ದಿನ ಹಿಂದೆ ಬೀಳುತ್ತದೆ. ನಕ್ಷತ್ರದ ಹೆಸರನ್ನು ದಿನ ಗುರುತಿಸುವ ವಿಳಾಸವಾಗಿ ಬಳಸಬೇಕೇ ಹೊರತು ಭವಿಷ್ಯವಾಣಿಯಾಗಿ ಅಲ್ಲ.

ಸಂಭವನೀಯತೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಮುನ್ಸೂಚನೆಗಳು ಬಹುತೇಕ ‘ಸಾಧ್ಯತೆಯಿದೆ’ ಎಂಬ ಒಂದೇ ಸಮಾಪ್ತಿಯನ್ನು ನೆಚ್ಚಿವೆ. ಕನ್ನಡದ ಸಂಭಾವನಾರ್ಥಕ ರೂಪಗಳಾದರೋ ಹೇರಳ. ‘ಬಂದೇ ಬರುತ್ತದೆ’, ‘ಬರಬಹುದು’, ‘ಬಂದೀತು’, ‘ಬಂದರೂ ಬಂದೀತು’, ‘ಬರಲಿಕ್ಕಿಲ್ಲ’ ಎಂಬ ಇಳಿಜಾರಿನಲ್ಲಿ ಆಡುವವನ ನಂಬಿಕೆಯ ಮಟ್ಟ ಕೇಳುಗನಿಗೆ ತಾನೇ ತಿಳಿಯುತ್ತದೆ. ಶೇಕಡಾ 30 ಮತ್ತು 80ರ ಅಂತರವನ್ನು ಮುಟ್ಟಿಸಲು ನುಡಿಯಲ್ಲಿ ಸಾಮಗ್ರಿಯಿದ್ದೂ ಸಲಹೆಯ ಗದ್ಯ ಅದನ್ನು ಆಡುಮಾತೆಂದು ಹೊರಗಿಟ್ಟಿದೆ. ಒಂದೊಂದು ರೂಪಕ್ಕೆ ಒಂದೊಂದು ಪ್ರಮಾಣ ನಿಗದಿಪಡಿಸುವ ಕೆಲಸ ಹವಾಮಾನ ತಜ್ಞರದಷ್ಟೇ ಅಲ್ಲ, ವ್ಯಾಕರಣ ಬಲ್ಲವರದೂ ಹೌದು.

ಹೇಳುವವರು ಯಾರು ಎಂಬುದೂ ಭಾಷೆಯ ಭಾಗವೇ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು ಅನುಭವದ ಗದ್ಯವೊಂದನ್ನು ರೂಢಿಸಿತು. 2009ರಲ್ಲಿ ಆರಂಭವಾದ ಭೂಚೇತನ ಯೋಜನೆ ಊರಿನವರನ್ನೇ ‘ರೈತ ಅನುವುಗಾರ’ರನ್ನಾಗಿ ನೇಮಿಸಿತು. ‘ಅನುವುಗಾರ’ ಎಂಬುದು ಯೋಜನೆಗಳು ಹುಟ್ಟುಹಾಕಿದ ಪದಗಳಲ್ಲಿ ಅಪರೂಪಕ್ಕೆ ಒಳ್ಳೆಯದು. 2019ರಲ್ಲಿ ಬಂದ ಮೇಘದೂತ್ ಆ್ಯಪ್ ಸಲಹೆಯನ್ನು ಕನ್ನಡದಲ್ಲಿಯೂ ಅಂಗೈಗೆ ತಂದಿತು. ಆದರೆ ತಾಲ್ಲೂಕು ಮಟ್ಟದ ಸಲಹೆ ಸಿದ್ಧಪಡಿಸಲು 2018ರಿಂದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಸ್ಥಾಪನೆಯಾದ ಜಿಲ್ಲಾ ಕೃಷಿ ಹವಾಮಾನ ಘಟಕಗಳು 2024ರಲ್ಲಿ ಮುಚ್ಚಿದವು. ಅಂಕಿಯನ್ನು ಹದಕ್ಕೆ, ದಿನಾಂಕವನ್ನು ಮಳೆಯ ಹೆಸರಿಗೆ ತಿರುಗಿಸಿ ಹೇಳುವವರಿಗೆ ಹೋಬಳಿಯ ಮಣ್ಣೂ ಮಾತೂ ಎರಡೂ ತಿಳಿದಿರಬೇಕಾಗುತ್ತದೆ; ಆ್ಯಪ್ ಆ ಕೆಲಸವನ್ನು ಓದುವವನಿಗೇ ಬಿಟ್ಟಿದೆ.